ಎರೆಬೂತಕ್ಕೆ ಕುಲ ಹುಡುಕಿದ ಕಥೆ

ಚಿಕ್ಕಬಳ್ಳಾಪುರದ ಹತ್ತಿರ ಕಳವಾರ ಎಂಬ ಊರಿದೆ. ಊರ ಬೆನ್ನಿಗೇ ಒಂದು ಬೆಟ್ಟ. ರಜೆಯ ದಿನಗಳಲ್ಲಿ ಬೆಂಗಳೂರಿನಿಂದ ಬಂದು ಹತ್ತುವವರು ಅದನ್ನು ಸ್ಕಂದಗಿರಿ ಎನ್ನುತ್ತಾರೆ. ಊರವರಿಗೆ ಅದು ಕಳವಾರ ಬೆಟ್ಟ. ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ಅಲ್ಲಿಗೆ ಹೋಗಿದ್ದಾಗ, ಮಂಜು ಸರಿಯಲೆಂದು ನಾವು ಕ್ಯಾಮೆರಾ ಹೂಡಿಕೊಂಡು ಕಾಯುತ್ತಿದ್ದೆವು. ಸುತ್ತ ನಿಂತಿದ್ದ ಹೈಸ್ಕೂಲು ಮಕ್ಕಳಲ್ಲಿ ಒಬ್ಬಳು ಕೇಳಿದಳು: ‘ಸಾರ್, ಬೆಟ್ಟಕ್ಕೆ ಎರಡು ಹೆಸರಿದೆಯಲ್ಲ, ಪರೀಕ್ಷೆಯಲ್ಲಿ ಬಂದರೆ ಯಾವುದನ್ನು ಬರೆಯಬೇಕು?’

‘ಎರಡೂ ಸರಿ’ ಎಂದು ನಾನು ಜಾರಿಕೊಂಡೆ. ಅವಳಿಗೆ ಸಮಾಧಾನವಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ. ವಿಜ್ಞಾನದ ಪದವಿ ಓದುವಾಗ ಪ್ರಾಣಿಶಾಸ್ತ್ರದ ಅಧ್ಯಾಪಕರು ನಮಗೆ ಕಲಿಸಿದ್ದೇ ಬೇರೆ. ಒಂದು ಜೀವಿಗೆ ಊರೂರಿಗೆ ಒಂದೊಂದು ಹೆಸರಿರಲಿ, ವಿಜ್ಞಾನದಲ್ಲಿ ಮಾತ್ರ ಒಂದೇ ಹೆಸರು. ಎರಡಿದ್ದರೆ ಒಂದು ಬಿದ್ದುಹೋಗಬೇಕು. ಯಾವುದು ಬೀಳಬೇಕು, ಯಾವುದು ನಿಲ್ಲಬೇಕು ಎಂಬುದಕ್ಕೆ ಕಾನೂನಿದೆ, ವಾದವಿದೆ, ಕೆಲವೊಮ್ಮೆ ನೂರು ವರ್ಷ ಎಳೆದಾಡಿದ ಜಗಳವೂ ಇದೆ. ಹಾಗೆ ಎಳೆದಾಡಿಸಿಕೊಂಡ ಒಂದು ಹಕ್ಕಿಯ ಕಥೆಯನ್ನು ಈ ಪುಟಗಳಲ್ಲಿ ಹೇಳುತ್ತೇನೆ. ಅದು ನಮ್ಮ ನಾಡಿನದೇ ಹಕ್ಕಿ. ನಿಮ್ಮಲ್ಲಿ ಹೆಚ್ಚಿನವರು ಅದನ್ನು ಕಂಡಿರಲಾರಿರಿ. ನಾನೂ ಬಯಲಿನಲ್ಲಿ ಕಂಡವನಲ್ಲ.

ಇಂಗ್ಲಿಷಿನಲ್ಲಿ ಅದು ಗ್ರೇಟ್ ಇಂಡಿಯನ್ ಬಸ್ಟರ್ಡ್. ಕನ್ನಡದಲ್ಲಿ ಎರೆಬೂತ. ನಿಂತರೆ ಗಂಡು ಸುಮಾರು ಒಂದು ಮೀಟರು ಎತ್ತರ, ತೂಕ 15 ಕಿಲೋವರೆಗೆ. ಹಾರಬಲ್ಲ ಹಕ್ಕಿಗಳಲ್ಲೇ ಅತಿ ಭಾರದವುಗಳ ಸಾಲಿಗೆ ಸೇರಿದ್ದು. ನೆತ್ತಿ ಕಪ್ಪು, ಕತ್ತು ಬಿಳಿ, ಬೆನ್ನು ಕಂದು; ಗಂಡಿನ ಎದೆಗೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿ. ಗೂಡು ಕಟ್ಟುವುದಿಲ್ಲ. ಬರಿ ನೆಲದ ಮೇಲೆ, ಸಾಮಾನ್ಯವಾಗಿ ಒಂದೇ ಮೊಟ್ಟೆ. ಆ ಮೊಟ್ಟೆಯನ್ನು ಎತ್ತಿಗಾಲು, ನಾಯಿ, ನರಿ ಇವೆಲ್ಲದರಿಂದ ಉಳಿಸಿಕೊಳ್ಳುವ ಹೊಣೆ ಹೆಣ್ಣಿನದೊಂದೇ.

ಇದರ ಹೆಸರುಗಳನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಎರೆ ಎಂದರೆ ಕಪ್ಪು ಮಣ್ಣಿನ ಹೊಲ. ಜೋಳ, ಹತ್ತಿ ಬೆಳೆಯುವ ಬಯಲುಸೀಮೆಯ ನೆಲ. ಆ ಎರೆಯಲ್ಲಿ ಬೂತದಂತೆ ಎದ್ದುನಿಲ್ಲುವುದು ಎರೆಬೂತ. ಬಳ್ಳಾರಿಯ ಕಡೆ ದೊರೆವಾಯನ ಹಕ್ಕಿ ಎಂದೂ ಹೇಳುತ್ತಾರೆ. ಇತ್ತೀಚಿನ ಬರಹಗಳಲ್ಲಿ ಹೆಬ್ಬಕ ಎಂಬ ಹೆಸರೂ ಕಾಣುತ್ತದೆ: ಹಿರಿದಾದ ಬಕ. ಮರಾಠಿಯವರು ಮಾಳ್‌ಢೋಕ್ ಎನ್ನುತ್ತಾರೆ. ಮಾಳ ಎಂದರೆ ಎತ್ತರದ ಬಯಲು, ಢೋಕ್ ಎಂದರೆ ಕೊಕ್ಕರೆಯಂಥ ಹಕ್ಕಿ. ತೆಲುಗಿನಲ್ಲಿ ಬಟ್ಟಮೇಕ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರಿನ ವಿದ್ಯಾರ್ಥಿಗಳಿಗೆ ‘ಮೇಕ’ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ಒಬ್ಬರು ಹಕ್ಕಿಯನ್ನು ಮಣ್ಣಿಗೆ ಸೇರಿಸಿದರು, ಒಬ್ಬರು ಬಕಕ್ಕೆ, ಇನ್ನೊಬ್ಬರು ಮೇಕೆಗೆ. ಪ್ರತಿ ಹೆಸರಿನಲ್ಲೂ ಒಂದು ವರ್ಗೀಕರಣ ಅಡಗಿದೆ. ವಿಜ್ಞಾನಿಗಳು ಮಾಡಿದ್ದೂ ಬುಡದಲ್ಲಿ ಇದನ್ನೇ. ಆದರೆ ಅವರು ತಮ್ಮ ಹೆಸರಿಗೆ ಸಾಕ್ಷಿ ಕೊಡಬೇಕಾಗಿತ್ತು.

ಇಲ್ಲಿ ಪಾರಿಭಾಷಿಕ ಪದದ ಬಗ್ಗೆ ಒಂದು ಮಾತು. ಜೀವವಿಜ್ಞಾನದಲ್ಲಿ ‘ಜೀನಸ್’ ಎನ್ನುವುದಕ್ಕೆ ಕನ್ನಡದ ಕೆಲವು ಪುಸ್ತಕಗಳಲ್ಲಿ ಜಾತಿ ಎಂದಿದೆ, ಕೆಲವದರಲ್ಲಿ ಕುಲ ಎಂದಿದೆ. ಎರಡು ಪದಗಳೂ ನಮ್ಮ ಸಮಾಜದಲ್ಲಿ ಬೇರೆಯೇ ಭಾರ ಹೊತ್ತಿವೆ. ಏನು ಮಾಡುವುದು, ಬೇರೆ ಪದ ರೂಢಿಗೆ ಬರಲಿಲ್ಲ. ನಾನು ಕುಲ ಎಂದು ಬಳಸುತ್ತೇನೆ. ಪ್ರಭೇದವೆಂದರೆ ತಮ್ಮತಮ್ಮಲ್ಲೇ ಮರಿಮಾಡಿಕೊಂಡು ಮುಂದುವರಿಯುವ ಜೀವಿಗಳ ಬಳಗ ಎಂದು ಸ್ಥೂಲವಾಗಿ ಹೇಳಬಹುದು. ಕುಲವೆಂದರೆ ಹತ್ತಿರದ ಪ್ರಭೇದಗಳ ಗುಂಪು. ಆದರೆ ಎಷ್ಟು ಹತ್ತಿರ? ಇದಕ್ಕೆ ಅಳತೆಗೋಲಿಲ್ಲ. ಪ್ರಭೇದವನ್ನು ಬಯಲಿನಲ್ಲಿ ಕಾಣಬಹುದು. ಕುಲವನ್ನು ಯಾರೂ ಕಂಡಿಲ್ಲ. ಅದು ಸಾಕ್ಷ್ಯ ನೋಡಿ ಕೊಟ್ಟ ಒಂದು ತೀರ್ಪು. ತೀರ್ಪು ಎಂದಮೇಲೆ ಮೇಲ್ಮನವಿ ಇದ್ದೇ ಇರುತ್ತದೆ.

ಸ್ವೀಡನ್ನಿನ ಲಿನೇಯಸ್ 1758ರಲ್ಲಿ ತನ್ನ ‘ಸಿಸ್ಟೆಮಾ ನ್ಯಾಚುರೆ’ ಗ್ರಂಥದ ಹತ್ತನೆಯ ಆವೃತ್ತಿಯನ್ನು ಪ್ರಕಟಿಸಿದ. ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಲೆಕ್ಕ ಶುರುವಾಗುವುದೇ ಆ ಪುಸ್ತಕದಿಂದ. ಅದರಲ್ಲಿ ಬಸ್ಟರ್ಡುಗಳಿಗೆಲ್ಲ ಅವನು ಇಟ್ಟ ಕುಲದ ಹೆಸರು ‘ಓಟಿಸ್’. ಗ್ರೀಕಿನಲ್ಲಿ ಕಿವಿ ಎಂಬ ಪದದಿಂದ ಬಂದದ್ದು. ಯೂರೋಪಿನ ದೊಡ್ಡ ಬಸ್ಟರ್ಡು ‘ಓಟಿಸ್ ಟಾರ್ಡ’ ಆಯಿತು, ಅರೇಬಿಯದ್ದು ‘ಓಟಿಸ್ ಅರಬ್ಸ್’. ಇವನ್ನು ಅವನು ಕೂರಿಸಿದ್ದು ಬಕ, ಉಲ್ಲಂಕಿ, ನೀರುಕೋಳಿಗಳ ಜೊತೆಯಲ್ಲಿ, ಉದ್ದ ಕಾಲಿನ ಹಕ್ಕಿಗಳ ಗಣದಲ್ಲಿ. ಉಷ್ಟ್ರಪಕ್ಷಿಯೂ ಅಲ್ಲೇ ಇತ್ತು! ನೀರಿನ ಗೊಡವೆಯೇ ಇಲ್ಲದ ಹಕ್ಕಿಗಳಿಗೆ ನೀರುಹಕ್ಕಿಗಳ ಪಂಕ್ತಿ. ನಗಬೇಡಿ. ಅವನ ಮುಂದಿದ್ದದ್ದು ಒಣ ಚರ್ಮಗಳು, ಚಿತ್ರಗಳು ಮತ್ತು ಇತರರ ವರ್ಣನೆಗಳು. ಕಾಲಿನ ಉದ್ದ ನೋಡಿ ಗುಂಪು ಮಾಡಿದ.

ಲಿನೇಯಸನ ಪಟ್ಟಿಯಲ್ಲಿ ನಮ್ಮ ಎರೆಬೂತ ಇರಲಿಲ್ಲ. ಅದಕ್ಕೆ ವೈಜ್ಞಾನಿಕ ಹೆಸರು ಸಿಗಲು ಇನ್ನೂ 73 ವರ್ಷ ಬೇಕಾಯಿತು. ಅಷ್ಟರೊಳಗೆ ಹಕ್ಕಿಗೆ ಬಂದೂಕಿನ ಪರಿಚಯ ಚೆನ್ನಾಗಿಯೇ ಆಗಿತ್ತು. ಆಗಿನ ಅಹಮದ್‌ನಗರ ಜಿಲ್ಲೆಯಲ್ಲಿ ಒಬ್ಬನೇ ಆಂಗ್ಲ ಬೇಟೆಗಾರ 1809ರಿಂದ 1829ರವರೆಗೆ 961 ಎರೆಬೂತಗಳನ್ನು ಹೊಡೆದ ಲೆಕ್ಕ ದಾಖಲೆಯಲ್ಲಿದೆ. ಇಪ್ಪತ್ತು ವರ್ಷದ ಆ ಲೆಕ್ಕ ಮುಗಿದ ಎರಡು ವರ್ಷಕ್ಕೆ, 1831ರಲ್ಲಿ, ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಕಾರ್ಯದರ್ಶಿ ನಿಕೋಲಾಸ್ ವಿಗರ್ಸ್ ಅದನ್ನು ಹೊಸ ಪ್ರಭೇದವೆಂದು ವರ್ಣಿಸಿ ‘ಓಟಿಸ್ ನೈಗ್ರಿಸೆಪ್ಸ್’ ಎಂದು ಹೆಸರಿಟ್ಟ. ನೈಗ್ರಿಸೆಪ್ಸ್ ಎಂದರೆ ಕರಿತಲೆಯದು.

ಈ ವಿಗರ್ಸ್ ಸ್ವಾರಸ್ಯದ ಮನುಷ್ಯ. ಐರ್ಲೆಂಡಿನವನು, ಹರೆಯದಲ್ಲಿ ಸ್ಪೇನಿನ ಯುದ್ಧದಲ್ಲಿ ಗಾಯಗೊಂಡವನು. ಪ್ರಕೃತಿಯೆಲ್ಲ ಐದರ ಲೆಕ್ಕದಲ್ಲಿ ರಚಿತವಾಗಿದೆ, ಪ್ರತಿ ಗುಂಪಿನಲ್ಲೂ ಐದು ಉಪಗುಂಪುಗಳು ವೃತ್ತಾಕಾರವಾಗಿ ಜೋಡಣೆಗೊಂಡಿವೆ ಎಂಬ ಒಂದು ವಾದವನ್ನು ಆತ ಗಟ್ಟಿಯಾಗಿ ನಂಬಿದ್ದ. ಆ ವಾದ ಕೆಲವೇ ದಶಕಗಳಲ್ಲಿ ಮಣ್ಣುಗೂಡಿತು. ಅವನಿಟ್ಟ ಪ್ರಭೇದದ ಹೆಸರು ಮಾತ್ರ ಇವತ್ತಿಗೂ ನಿಂತಿದೆ. ಹೆಸರಿಟ್ಟವನ ಸಿದ್ಧಾಂತ ಸುಳ್ಳಾದರೂ ಹೆಸರು ಸಾಯುವುದಿಲ್ಲ. ಹೆಸರು ಅಂಟಿಕೊಂಡಿರುವುದು ಹಕ್ಕಿಗೆ, ಸಿದ್ಧಾಂತಕ್ಕಲ್ಲ.

ಹಕ್ಕಿಯ ಚಿತ್ರ ಬಂದದ್ದು ಜಾನ್ ಗೂಲ್ಡ್ ಹೊರತಂದ ಹಿಮಾಲಯದ ನೂರು ಹಕ್ಕಿಗಳ ದೊಡ್ಡ ಚಿತ್ರಸಂಪುಟದಲ್ಲಿ. ಚಿತ್ರ ಬರೆದು ಕಲ್ಲಚ್ಚಿಗೆ ಇಳಿಸಿದಾಕೆ ಅವನ ಹೆಂಡತಿ ಎಲಿಜಬೆತ್, ವಿವರಣೆ ವಿಗರ್ಸನದು. ದಖ್ಖನಿನ ಬಯಲಿನ ಹಕ್ಕಿ ಹಿಮಾಲಯದ ಪುಸ್ತಕದಲ್ಲಿ! ಲಂಡನ್ನಿನಲ್ಲಿ ಕುಳಿತವರಿಗೆ ಭಾರತವೆಂದರೆ ಹಡಗಿನಲ್ಲಿ ಬಂದಿಳಿದ ಪೆಟ್ಟಿಗೆ ಅಷ್ಟೆ. ಚರ್ಮ ಬರುತ್ತಿತ್ತು, ಹಕ್ಕಿ ನಿಂತಿದ್ದ ನೆಲ ಬರುತ್ತಿರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಕುಲದ ವಿಷಯ. ಹತ್ತೊಂಬತ್ತನೆಯ ಶತಮಾನದಲ್ಲಿ ಆಫ್ರಿಕದಿಂದ, ಭಾರತದಿಂದ, ಆಸ್ಟ್ರೇಲಿಯದಿಂದ ಹೊಸಹೊಸ ಬಸ್ಟರ್ಡುಗಳು ಯೂರೋಪಿನ ವಸ್ತುಸಂಗ್ರಹಾಲಯಗಳಿಗೆ ಬರತೊಡಗಿದವು. ಎಲ್ಲವನ್ನೂ ಓಟಿಸ್ ಎಂಬ ಒಂದೇ ಚೀಲದಲ್ಲಿ ತುಂಬಿದರೆ ಚೀಲ ಹರಿಯುವುದು ಸಹಜ. ಫ್ರೆಂಚ್ ನೌಕಾಪಡೆಯ ವೈದ್ಯ ರೆನೆ ಲೆಸನ್ 1839ರಲ್ಲಿ ಅದನ್ನು ಒಡೆದು ಯುಪೊಡೋಟಿಸ್, ಕ್ಲಮಿಡೋಟಿಸ್, ಸಿಫಿಯೋಟೈಡಿಸ್ ಎಂಬ ಕುಲಗಳನ್ನು ಮಾಡಿದ. ಕೊನೆಯದು ನಮ್ಮ ದೇಶದ ಸಣ್ಣ ಫ್ಲೋರಿಕನ್ ಹಕ್ಕಿಯ ಕುಲ. ಎರೆಬೂತ ಕೆಲಕಾಲ ಯುಪೊಡೋಟಿಸ್ ಕುಲದ ಲೆಕ್ಕಕ್ಕೆ ಸೇರಿತು. ಮದರಾಸಿನ ಸೇನಾವೈದ್ಯ ಜೆರ್ಡನ್ 1862ರಿಂದ 1864ರವರೆಗೆ ಪ್ರಕಟಿಸಿದ ‘ಭಾರತದ ಹಕ್ಕಿಗಳು’ ಗ್ರಂಥದಲ್ಲಿ ಅದು ‘ಯುಪೊಡೋಟಿಸ್ ಎಡ್ವರ್ಡ್ಸಿ’. ಕುಲವೂ ಬೇರೆ, ಪ್ರಭೇದದ ಹೆಸರೂ ಬೇರೆ. ಗೊತ್ತಿಲ್ಲದವರು ಓದಿದರೆ ಇದು ಮತ್ತೊಂದು ಹಕ್ಕಿಯೇ ಇರಬೇಕು ಎಂದುಕೊಂಡಾರು.

ಜೆರ್ಡನ್ ಹೀಗೆ ಬರೆಯುವುದಕ್ಕೆ ಸುಮಾರು ಹತ್ತು ವರ್ಷ ಮೊದಲೇ, 1853ರಲ್ಲಿ, ಪ್ಯಾರಿಸಿನಲ್ಲಿ ಒಂದು ಪುಸ್ತಕ ಬಂದಿತ್ತು: ಇಮ್ಯಾನ್ಯುಯೆಲ್ ಲ ಮೌಟ್ ಎಂಬಾತನ ‘ಹಕ್ಕಿಗಳ ನಿಸರ್ಗ ಚರಿತ್ರೆ’. ಲ ಮೌಟ್ ಹೆಸರಾಂತ ಪಕ್ಷಿತಜ್ಞನೇನಲ್ಲ. ಅವನ ಒಲವು ಸಸ್ಯಶಾಸ್ತ್ರದ ಕಡೆಗೆ. ನಿಸರ್ಗದ ಬಗ್ಗೆ ಸಾಮಾನ್ಯ ಓದುಗರಿಗೆಂದು ಪುಸ್ತಕ ಬರೆಯುತ್ತಿದ್ದ. ಆ ಪುಸ್ತಕದಲ್ಲಿ ಅವನು ಅರೇಬಿಯದ ಬಸ್ಟರ್ಡಿಗೆ ಒಂದು ಹೊಸ ಕುಲ ಕಟ್ಟಿ ‘ಆರ್ಡಿಯೋಟಿಸ್’ ಎಂದು ಕರೆದ. ಲ್ಯಾಟಿನ್ನಿನಲ್ಲಿ ಆರ್ಡಿಯ ಎಂದರೆ ಬಕ, ಜೊತೆಗೆ ಹಳೆಯ ಓಟಿಸ್. ಅಂದರೆ ಬಕದಂಥ ಬಸ್ಟರ್ಡ್. ಉದ್ದ ಕತ್ತು, ಉದ್ದ ಕಾಲು, ನಿಲ್ಲುವ ಠೀವಿ ನೋಡಿದರೆ ಬಕವೇ ನೆನಪಾಗಬೇಕು. ನಮ್ಮ ಹೆಬ್ಬಕ, ಮರಾಠಿಯ ಮಾಳ್‌ಢೋಕ್ ನೆನಪಿಸಿಕೊಳ್ಳಿ. ಪ್ಯಾರಿಸಿನ ಗ್ರಂಥಕರ್ತ, ಸೊಲ್ಲಾಪುರದ ಬಯಲಿನ ಕುರುಬ ಇಬ್ಬರಿಗೂ ಹೊಳೆದ ಹೋಲಿಕೆ ಒಂದೇ.

ಎರಡು ವರ್ಷ ಕಳೆದು 1855ರಲ್ಲಿ, ಇದೇ ಗುಂಪಿಗೆ ಬ್ರಿಟಿಷ್ ಮ್ಯೂಸಿಯಂ ಕಡೆಯಿಂದ ‘ಕೋರಿಯೋಟಿಸ್’ ಎಂಬ ಇನ್ನೊಂದು ಹೆಸರು ಬಂತು. ಅದರ ಹಿಂದೆ ದೊಡ್ಡ ಸಂಸ್ಥೆ, ದೊಡ್ಡ ಸಂಗ್ರಹ, ಪರಿಣತರ ಬಳಕೆ ಎಲ್ಲ ಇತ್ತು. ಹೀಗಾಗಿ ಕೋರಿಯೋಟಿಸ್ ರೂಢಿಗೆ ಬಂತು, ಆರ್ಡಿಯೋಟಿಸ್ ಮೂಲೆ ಸೇರಿತು. ಸಲೀಂ ಅಲಿಯವರ ಪುಸ್ತಕಗಳಲ್ಲಿ ಹಕ್ಕಿಗಳನ್ನು ಕಲಿತ ನಮ್ಮ ಹಿರಿಯ ತಲೆಮಾರಿನವರಿಗೆ ಎರೆಬೂತವೆಂದರೆ ‘ಕೋರಿಯೋಟಿಸ್ ನೈಗ್ರಿಸೆಪ್ಸ್’. ಹಳೆಯ ಗ್ರಂಥಾಲಯದ ಪ್ರತಿ ನಿಮ್ಮ ಕೈಗೆ ಸಿಕ್ಕರೆ ತೆರೆದು ನೋಡಿ.

ಹಾಗಾದರೆ ಇವತ್ತಿನ ಪುಸ್ತಕಗಳಲ್ಲಿ ‘ಆರ್ಡಿಯೋಟಿಸ್ ನೈಗ್ರಿಸೆಪ್ಸ್’ ಎಂದಿರುವುದು ಹೇಗೆ? ಇಲ್ಲಿ ಕಾನೂನು ಬರುತ್ತದೆ. ಇಂಗ್ಲೆಂಡಿನ ಹ್ಯೂ ಸ್ಟ್ರಿಕ್‌ಲೆಂಡ್ ಎಂಬ ಭೂವಿಜ್ಞಾನಿ 1842ರಲ್ಲಿ ಪ್ರಾಣಿಗಳ ಹೆಸರಿಡುವ ನಿಯಮಗಳ ಕರಡನ್ನು ಸಿದ್ಧಮಾಡಿದ. ಅದನ್ನು ರೂಪಿಸಿದ ಸಮಿತಿಯಲ್ಲಿ ಚಾರ್ಲ್ಸ್ ಡಾರ್ವಿನ್ ಕೂಡ ಇದ್ದ. ಅದರ ಬೆನ್ನೆಲುಬು ಒಂದೇ ಸೂತ್ರ: ಒಂದು ಜೀವಿಗೆ ಅಥವಾ ಕುಲಕ್ಕೆ ಸರಿಯಾಗಿ ಪ್ರಕಟವಾದ ಹೆಸರುಗಳಲ್ಲಿ ಎಲ್ಲಕ್ಕಿಂತ ಹಿಂದಿನದು ಯಾವುದೋ ಅದೇ ಊರ್ಜಿತ. ಇಟ್ಟವನು ದೊಡ್ಡವನೋ ಸಣ್ಣವನೋ ಕೇಳಬಾರದು. ಹೆಸರು ಚಂದವೋ ಅಲ್ಲವೋ ಕೇಳಬಾರದು. ಎಷ್ಟು ಜನ ಬಳಸಿದರು ಎಂದೂ, ಕೆಲವು ಅಪವಾದಗಳನ್ನು ಬಿಟ್ಟರೆ, ಕೇಳಬಾರದು. ತಾರೀಖು ನೋಡಬೇಕು, ಅಷ್ಟೆ. 1895ರಲ್ಲಿ ಇದಕ್ಕಾಗಿಯೇ ಒಂದು ಅಂತಾರಾಷ್ಟ್ರೀಯ ಆಯೋಗ ಏರ್ಪಟ್ಟಿತು. ಪಾಪ, ಸ್ಟ್ರಿಕ್‌ಲೆಂಡ್ 1853ರಲ್ಲಿ, ಆರ್ಡಿಯೋಟಿಸ್ ಹುಟ್ಟಿದ ವರ್ಷವೇ, ರೈಲು ಹಳಿಯ ಪಕ್ಕದ ಬಂಡೆಗಳನ್ನು ಪರೀಕ್ಷಿಸುತ್ತಿದ್ದಾಗ ರೈಲಿಗೆ ಸಿಕ್ಕಿ ಸತ್ತ. ಅವನ ಸೂತ್ರದ ಪ್ರಕಾರ 1853 ಮೊದಲು, 1855 ಆಮೇಲೆ. ಬ್ರಿಟಿಷ್ ಮ್ಯೂಸಿಯಂ ಸೋತಿತು. ಜನಸಾಮಾನ್ಯರಿಗಾಗಿ ಬರೆದ ಪುಸ್ತಕದ ಹೆಸರು ನೂರಕ್ಕೂ ಹೆಚ್ಚು ವರ್ಷಗಳ ನಂತರ ಎಲ್ಲೆಡೆ ಗೆದ್ದಿತು. ಟೆಲಿವಿಷನ್ನಿನಲ್ಲಿ ಜನಪ್ರಿಯ ವಿಜ್ಞಾನದ ಕಾರ್ಯಕ್ರಮ ಮಾಡಿ ಪರಿಣತರಿಂದ ಆಗಾಗ ಬೈಸಿಕೊಳ್ಳುವ ನನಗೆ ಈ ಪ್ರಸಂಗ ಸ್ವಲ್ಪ ಹೆಚ್ಚೇ ಖುಷಿ ಕೊಡುತ್ತದೆ ಎಂದು ಒಪ್ಪಿಕೊಳ್ಳುತ್ತೇನೆ.

ಹೆಸರಿನ ಜಗಳ ಹೀಗೆ ತೀರಿತು. ಆದರೆ ಹೆಸರು ಬೇರೆ, ಗುಂಪು ಬೇರೆ. ಅರೇಬಿಯದ ಹಕ್ಕಿಗೆಂದು ಕಟ್ಟಿದ ಮನೆಯಲ್ಲಿ ನಮ್ಮ ಎರೆಬೂತವನ್ನು ಇಡಬಹುದು ಎಂದು ಹೇಳಿದವರು ಯಾರು, ಏಕೆ? ಪರಿಣತರು ನೋಡಿದ್ದು ಒಡಲಿನ ಲಕ್ಷಣಗಳನ್ನು. ಎತ್ತರದ ನಿಲುವು, ನೆತ್ತಿಯ ಕಪ್ಪು, ಸಣ್ಣಗೆ ಗೆರೆ ಮೂಡಿದ ಬೂದು ಅಥವಾ ಬಿಳಿಯ ಉದ್ದ ಕತ್ತು, ಬೆದೆಯ ಕಾಲದಲ್ಲಿ ಗಂಡು ಆ ಕತ್ತನ್ನು ಉಬ್ಬಿಸಿ ಆಡುವ ಆಟ. ಹೀಗೆ ಹೋಲುವವು ಲೋಕದಲ್ಲಿ ನಾಲ್ಕು: ಅರೇಬಿಯ ಮತ್ತು ಸಹಾರದ ದಕ್ಷಿಣದ ಅಂಚಿನ ಹಕ್ಕಿ, ಪೂರ್ವ ಹಾಗೂ ದಕ್ಷಿಣ ಆಫ್ರಿಕದ ಕೋರಿ ಬಸ್ಟರ್ಡ್, ಆಸ್ಟ್ರೇಲಿಯದ ಬಸ್ಟರ್ಡ್, ಮತ್ತು ನಮ್ಮದು. ನಡುವೆ ಸಮುದ್ರಗಳಿವೆ. ಆದರೂ ನಾಲ್ಕೂ ಒಂದೇ ಕುಲ. ರಾಣೆಬೆನ್ನೂರಿನ ಬಯಲಿನ ಹಕ್ಕಿಗೆ ಟಾಂಜಾನಿಯದಲ್ಲಿ ದಾಯಾದಿ, ಆಸ್ಟ್ರೇಲಿಯದ ಹುಲ್ಲುಗಾವಲಿನಲ್ಲಿ ಇನ್ನೊಂದು ದಾಯಾದಿ. ಆದರೆ ನಮ್ಮಲ್ಲೇ ಇರುವ ಎರಡು ಫ್ಲೋರಿಕನ್‌ಗಳು ಬೇರೆ ಕುಲದವು. ಅದರಲ್ಲೂ ಸಣ್ಣ ಫ್ಲೋರಿಕನ್ ಸಿಫಿಯೋಟೈಡಿಸ್ ಕುಲದ ಒಂದೇ ಪ್ರಭೇದ. ಬಂಗಾಳದ ಫ್ಲೋರಿಕನ್ನಿಗಾಗಿ ಬೌಡ್ಲರ್ ಶಾರ್ಪ್ 1893ರಲ್ಲಿ ಮಾಡಿದ ಹೌಬಾರಾಪ್ಸಿಸ್ ಕುಲದಲ್ಲೂ ಒಂದೇ. ಅಂಥ ಒಂದು ಹಕ್ಕಿ ಅಳಿದರೆ ಒಂದು ಕುಲವೇ ಅಳಿಯಿತು ಎಂದು ಲೆಕ್ಕ.

ಇಡೀ ಬಸ್ಟರ್ಡ್ ಕುಟುಂಬಕ್ಕೆ, ಅಂದರೆ ಸುಮಾರು 26 ಪ್ರಭೇದಗಳಿಗೆ, ಸಾಮಾನ್ಯವಾದ ಒಂದು ಲಕ್ಷಣವನ್ನು ಇಲ್ಲಿ ಹೇಳಲೇಬೇಕು. ಕಾಗೆಯೋ ಕೋಳಿಯೋ ಕಂಡರೆ ಅದರ ಕಾಲು ನೋಡಿ. ಮುಂದೆ ಮೂರು ಬೆರಳು, ಹಿಂದೆ ಒಂದು. ಆ ಹಿಂಬೆರಳಿನಿಂದಲೇ ಕೊಂಬೆಯನ್ನು ಹಿಡಿಯುವುದು. ಬಸ್ಟರ್ಡುಗಳಿಗೆ ಹಿಂಬೆರಳೇ ಇಲ್ಲ. ಅವು ಮರದ ಮೇಲೆ ಕೂರಲಾರವು. ಬಾಳೆಲ್ಲ ನೆಲದ ಮೇಲೆ, ದೂರದವರೆಗೆ ಕಣ್ಣು ಹಾಯುವ ಬಯಲಿನಲ್ಲಿ. ವರ್ಗೀಕರಣ ಮಾಡುವವರಿಗೆ ಇದೊಂದು ಗುರುತಿನ ಚೀಟಿ. ಹಕ್ಕಿಗೆ ಜೀವನದ ಷರತ್ತು.

ಇಪ್ಪತ್ತೊಂದನೆಯ ಶತಮಾನದಲ್ಲಿ ಸಾಕ್ಷ್ಯದ ಸ್ವರೂಪ ಬದಲಾಯಿತು. ಚರ್ಮ, ಮೂಳೆಗಳ ಜಾಗಕ್ಕೆ ಡಿಎನ್‌ಎ ಬಂತು. ಜರ್ಮನಿಯ ಕ್ರಿಶ್ಚಿಯನ್ ಪಿಟ್ರ ಮತ್ತು ಸಂಗಡಿಗರು 2002ರಲ್ಲಿ ಬಸ್ಟರ್ಡುಗಳ ಡಿಎನ್‌ಎ ಹೋಲಿಸಿ ಅವುಗಳ ವಂಶವೃಕ್ಷವನ್ನು ಬರೆದರು. ಯುಪೊಡೋಟಿಸ್ ಎಂಬ ಹೆಸರಿನಡಿ ಕೂಡಿಹಾಕಿದ್ದವೆಲ್ಲ ಒಂದೇ ತಾಯಿಯ ಮಕ್ಕಳಲ್ಲ ಎಂದು ಗೊತ್ತಾಯಿತು. ಬಸ್ಟರ್ಡುಗಳನ್ನು ಬಹುಕಾಲ ಕ್ರೌಂಚಗಳ ಗಣದಲ್ಲಿ ಇಟ್ಟಿದ್ದರಲ್ಲ, ಅದೂ ಉಳಿಯಲಿಲ್ಲ. 2014ರಲ್ಲಿ ಪ್ರಕಟವಾದ, ಹತ್ತಾರು ಹಕ್ಕಿಗಳ ಪೂರ್ಣ ಜೀನೋಮುಗಳನ್ನು ಹೋಲಿಸಿದ ದೊಡ್ಡ ಅಧ್ಯಯನ ಬಸ್ಟರ್ಡುಗಳ ಹತ್ತಿರದ ನೆಂಟರೆಂದು ತೋರಿಸಿದ್ದು ಕೋಗಿಲೆಗಳನ್ನು ಮತ್ತು ಆಫ್ರಿಕದ ಟುರಾಕೊಗಳನ್ನು! ಮರದ ತುದಿಯಲ್ಲಿ ಅಡಗಿ ಕೂಗುವ ಕೋಗಿಲೆಗೂ ನೆಲ ಬಿಟ್ಟು ಕೂರಲಾರದ ಎರೆಬೂತಕ್ಕೂ ನೆಂಟಸ್ತಿಕೆ ಎಂದರೆ ಲಿನೇಯಸ್ ನಂಬುತ್ತಿರಲಿಲ್ಲ. ಇವತ್ತು ಬಸ್ಟರ್ಡುಗಳಿಗೆ ಅವುಗಳದೇ ಪ್ರತ್ಯೇಕ ಗಣವಿದೆ.

ಎರೆಬೂತದ್ದೇ ಡಿಎನ್‌ಎ ಅಧ್ಯಯನವೂ ನಡೆದಿದೆ. ಭಾರತದ ವಿಜ್ಞಾನಿಗಳು ಐದು ರಾಜ್ಯಗಳಿಂದ 63 ಮಾದರಿಗಳನ್ನು ಸಂಗ್ರಹಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ತಾಯಿಯಿಂದ ಬರುವ ಡಿಎನ್‌ಎಯಲ್ಲಿ ಕಂಡದ್ದು ಮೂರೇ ಬಗೆ. ದೇಶದುದ್ದಗಲದ ಹಕ್ಕಿಗಳಲ್ಲಿ ಮೂರೇ ತಾಯಿಗೆರೆ. ಅದೇ ವರ್ಷ ಎರೆಬೂತವನ್ನು ಅಳಿವಿನ ಅಂಚಿನ, ಅತಿ ಗಂಭೀರ ಅಪಾಯದ ಪಟ್ಟಿಗೆ ಸೇರಿಸಲಾಯಿತು. 2018ರ ಅಂದಾಜಿನಲ್ಲಿ ಉಳಿದವು ಸುಮಾರು 150, ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರಿನಲ್ಲಿ.

‘ಇಷ್ಟೆಲ್ಲ ಹೆಸರು, ಕುಲ, ಗಣ ಎಂದು ತಲೆ ಕೆಡಿಸಿಕೊಂಡು ಪ್ರಯೋಜನವೇನು?’ ಕಾಲೇಜು ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಕೇಳುತ್ತಾರೆ, ಕೇಳಬೇಕು. ಒಂದು ಉದಾಹರಣೆ ಕೊಡುತ್ತೇನೆ. ಎರೆಬೂತಗಳು ವಿದ್ಯುತ್ ತಂತಿಗಳಿಗೆ ಬಡಿದು ಸಾಯುತ್ತವೆ. ಹಗಲಿನಲ್ಲಿ, ಬಟಾಬಯಲಿನಲ್ಲಿ, ಕಣ್ಣಿಗೆ ರಾಚುವ ತಂತಿಗೆ ಇಷ್ಟು ದೊಡ್ಡ ಹಕ್ಕಿ ಏಕೆ ಬಡಿಯಬೇಕು? ಅಳಿದುಳಿದ ನೂರೈವತ್ತು ಹಕ್ಕಿಗಳನ್ನು ಹಿಡಿದು ಕಣ್ಣಿನ ಪರೀಕ್ಷೆ ಮಾಡುವಂತಿಲ್ಲ. ಆದರೆ ಅದರ ದಾಯಾದಿ, ಆಫ್ರಿಕದ ಕೋರಿ ಬಸ್ಟರ್ಡ್, ಸಂಖ್ಯೆಯಲ್ಲಿ ಹೆಚ್ಚಿದೆ. ಗ್ರಹಾಂ ಮಾರ್ಟಿನ್ ಮತ್ತು ಜೆಸಿಕಾ ಶಾ 2010ರಲ್ಲಿ ಕೋರಿಯ ದೃಷ್ಟಿಕ್ಷೇತ್ರವನ್ನು ಅಳೆದು ಪ್ರಕಟಿಸಿದರು. ಕಣ್ಣುಗಳು ತಲೆಯ ಪಕ್ಕಕ್ಕಿವೆ. ಮುಂದಿನದನ್ನು ಎರಡೂ ಕಣ್ಣಿಂದ ನೋಡುವ ಜಾಗ ಬಲು ಕಿರಿದು. ನೆತ್ತಿಯ ಮೇಲೆ ಅಗಲವಾದ ಕುರುಡು ಪಟ್ಟಿ. ಹಾರುವಾಗ ಕೆಳಗಿನ ನೆಲ ನೋಡಲೆಂದು ತಲೆಯನ್ನು ಸ್ವಲ್ಪ ಬಗ್ಗಿಸಿದರೆ ಸಾಕು, ಆ ಕುರುಡು ಪಟ್ಟಿಯೇ ಮುಂದಕ್ಕೆ ಬಂದು, ತಾನು ಹೋಗುತ್ತಿರುವ ದಿಕ್ಕೇ ಹಕ್ಕಿಗೆ ಕಾಣದು. ತಂತಿ ಎಷ್ಟು ದಪ್ಪವಿದ್ದರೇನು? ಒಂದೇ ಕುಲದ ಹಕ್ಕಿಗಳಾದ್ದರಿಂದ ಒಂದರ ಕಣ್ಣಿನಿಂದ ಇನ್ನೊಂದರ ಕಷ್ಟವನ್ನು ಊಹಿಸಬಹುದಾಯಿತು. ತಂತಿಗಳನ್ನು ನೆಲದೊಳಗೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಆದೇಶಿಸಿತು. 2024ರಲ್ಲಿ ಆ ಆದೇಶವನ್ನು ಮಾರ್ಪಡಿಸಿ, ಸೌರ ಮತ್ತು ಪವನ ವಿದ್ಯುತ್ತಿನ ಅಗತ್ಯವನ್ನೂ ತೂಗಿ ನೋಡಲು ಪರಿಣತರ ಸಮಿತಿಯನ್ನು ನೇಮಿಸಿತು. ಜೈಸಲ್ಮೇರಿನಲ್ಲಿ 2019ರಿಂದ ಸಾಕಿ ಬೆಳೆಸುವ ಕೆಲಸ ನಡೆದಿದೆ. ಅಲ್ಲಿ 2024ರಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹೊರಬಂತು. ಆ ವಿಧಾನಕ್ಕೆ ಅಬುಧಾಬಿಯಲ್ಲಿ ಹೌಬಾರಾ ಬಸ್ಟರ್ಡುಗಳ ಮೇಲೆ ಪಡೆದ ಅನುಭವ ನೆರವಾಯಿತು. ಅದು ಬೇರೆ ಕುಲ, ಆದರೆ ಒಂದೇ ಕುಟುಂಬ.

ಹಕ್ಕಿಗೆ ಸರಿಯಾದ ಜಾಗ ಹುಡುಕಲು ಹೀಗೆ ಎರಡೂವರೆ ಶತಮಾನ ಜಗತ್ತಿನ ಪಂಡಿತರೆಲ್ಲ ಚರ್ಚೆ ಮಾಡಿದರು. ತಪ್ಪಿದಾಗ ತಿದ್ದಿಕೊಂಡರು. ಆದರೆ ಅದೇ ಕಾಲದಲ್ಲಿ ಇನ್ನೊಂದು ವರ್ಗೀಕರಣವೂ ನಡೆಯುತ್ತಿತ್ತು. ಅದನ್ನು ಮಾಡುತ್ತಿದ್ದವರು ಪ್ರಾಣಿಶಾಸ್ತ್ರಜ್ಞರಲ್ಲ, ಕಂದಾಯ ಇಲಾಖೆಯವರು. ನಿಮ್ಮ ಮನೆಯ ಪಹಣಿಯನ್ನು ತೆಗೆದು ನೋಡಿ. ಖರಾಬು ಎಂಬ ಪದ ಕಂಡೀತು. ಸಾಗುವಳಿಗೆ ಒದಗದ, ಕಂದಾಯ ವಿಧಿಸದ ನೆಲ ಎಂದು ಅದರ ಅರ್ಥ. ಕಂದಾಯದ ದೃಷ್ಟಿಯಿಂದ ಅದು ತಪ್ಪಲ್ಲ. ಆದರೆ ಪದ ಅಲ್ಲಿಗೇ ನಿಲ್ಲಲಿಲ್ಲ. ಉಳದ, ಮರವಿಲ್ಲದ, ಹುಲ್ಲು ಬೆಳೆಯುವ ಬಯಲೆಲ್ಲ ಕೆಟ್ಟುಹೋದ ನೆಲ, ಬಂಜರು ನೆಲ ಎಂಬ ಭಾವನೆ ಬೇರುಬಿಟ್ಟಿತು. 1985ರಲ್ಲಿ ರಾಷ್ಟ್ರೀಯ ಬಂಜರು ಭೂಮಿ ಅಭಿವೃದ್ಧಿ ಮಂಡಳಿಯೇ ಬಂತು. 2000ದಲ್ಲಿ ಭಾರತದ ಬಂಜರು ಭೂಮಿಯ ಅಟ್ಲಾಸ್ ಅಚ್ಚಾಯಿತು. ಕುರುಚಲು ಬಯಲುಗಳಿಗೆ ಅದರಲ್ಲಿ ಒಂದು ಕ್ರಮಾಂಕ. ಲಂಡನ್ನಿಗೆ ಹೋದ ಪೆಟ್ಟಿಗೆಯಲ್ಲಿ ಚರ್ಮವಿತ್ತು, ನೆಲವಿರಲಿಲ್ಲ ಎಂದೆನಲ್ಲ. ಇಲ್ಲಿ ನೆಲವಿತ್ತು, ಅದರ ಮೇಲಿನ ಹಕ್ಕಿ ಲೆಕ್ಕಕ್ಕೆ ಬರಲಿಲ್ಲ.

ಬಂಜರು ಎಂದ ಮೇಲೆ ಮರ ನೆಡಬೇಕಲ್ಲವೇ? ಈಗ ಕಳವಾರಕ್ಕೆ ವಾಪಸು ಬನ್ನಿ. ಬೆಟ್ಟದ ಮೇಲೆ ನಿಂತರೆ ಎದುರಿಗೆ ನಂದಿಬೆಟ್ಟ. ಭಾರತದಲ್ಲಿ ನೀಲಗಿರಿ ಮರವನ್ನು ಮೊದಲು ನೆಟ್ಟದ್ದು ಆ ನಂದಿಯಲ್ಲೇ, ಸುಮಾರು 1790ರಲ್ಲಿ, ಟಿಪ್ಪು ಸುಲ್ತಾನನ ತೋಟದಲ್ಲಿ ಎಂದು ಅರಣ್ಯ ಇತಿಹಾಸದ ಪುಸ್ತಕಗಳು ಹೇಳುತ್ತವೆ. ಅಲ್ಲಿಯ ಮರಗಳ ಬೀಜದಿಂದ ಬೆಳೆದದ್ದೇ ‘ಮೈಸೂರು ಹೈಬ್ರಿಡ್’ ಎಂಬ ತಳಿ. ಅದು ನಿಜಕ್ಕೂ ಹೈಬ್ರಿಡ್ಡೋ ಅಥವಾ ಟೆರೆಟಿಕಾರ್ನಿಸ್ ಎಂಬ ಪ್ರಭೇದದ್ದೇ ಒಂದು ರೂಪವೋ ಎಂದು ಸಸ್ಯಶಾಸ್ತ್ರಜ್ಞರು ವಾದ ಮಾಡಿದರು. ವಾದ ಏನೇ ಇರಲಿ, ಮರ ಮಾತ್ರ ದೇಶದ ಒಣ ಬಯಲುಗಳಿಗೆಲ್ಲ ಹಬ್ಬಿತು. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಆಗಿನ ಕೋಲಾರ ಜಿಲ್ಲೆಯ ರಾಗಿ ಹೊಲಗಳೇ ನೀಲಗಿರಿ ತೋಪುಗಳಾದದ್ದನ್ನು ನಿಮ್ಮ ಮನೆಯ ಹಿರಿಯರು ಕಣ್ಣಾರೆ ಕಂಡಿದ್ದಾರೆ. ಹೊಸದಾಗಿ ನೀಲಗಿರಿ ನೆಡಬಾರದೆಂದು ರಾಜ್ಯ ಸರ್ಕಾರ 2017ರಲ್ಲಿ ನಿಷೇಧ ತಂದಿತು.

ರಾಣೆಬೆನ್ನೂರಿನ ಬಯಲಿನಲ್ಲಿಯೂ ನೀಲಗಿರಿ ಎದ್ದಿತು. ಅಲ್ಲಿ 119 ಚದರ ಕಿಲೋಮೀಟರನ್ನು 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವೆಂದು ಘೋಷಿಸಲಾಯಿತು. ಕೃಷ್ಣಮೃಗದ ಜೊತೆಗೆ ಎರೆಬೂತಕ್ಕೂ ಅದು ಹೆಸರಾಗಿತ್ತು. ನೆಟ್ಟ ತೋಪುಗಳಿಂದ ಹುಲ್ಲುಬಯಲಿಗೆ ಏನಾಯಿತು ಎಂಬುದನ್ನು ನಮ್ಮ ರಾಜ್ಯದ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಇಲಾಖೆಯೊಳಗಿನವರೊಬ್ಬರು ಇಲಾಖೆಯ ಕೆಲಸವನ್ನೇ ಪರೀಕ್ಷೆಗೆ ಒಡ್ಡಿದ್ದು ಸಣ್ಣ ಮಾತಲ್ಲ. ಹಿಂಬೆರಳಿಲ್ಲದ, ಕೊಂಬೆ ಹಿಡಿಯಲಾರದ, ದೂರ ಕಣ್ಣು ಹಾಯದೆ ಬದುಕಲಾರದ ಹಕ್ಕಿಗೆ ಮರಗಳ ಸಾಲು ಎಂದರೆ ಗೋಡೆ. ಆ ಕಾಲಿನ ಮೂರು ಬೆರಳನ್ನು ಪಂಡಿತರು ನೂರಾರು ಪುಟಗಳಲ್ಲಿ ವರ್ಣಿಸಿದ್ದರು. ಗುಂಡಿ ತೆಗೆದು ಸಸಿ ನೆಡಿಸಿದವರಿಗೆ ಅದನ್ನು ಯಾರೂ ಹೇಳಿರಲಿಲ್ಲ. ಕಾಲಕ್ರಮದಲ್ಲಿ ಎರೆಬೂತ ರಾಣೆಬೆನ್ನೂರಿನಿಂದ ಕಣ್ಮರೆಯಾಯಿತು.

ಕರ್ನಾಟಕದಲ್ಲಿ ಆಮೇಲೆ ಅದು ಕಂಡದ್ದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ, ಬೆರಳೆಣಿಕೆಯಷ್ಟು. ಅಭಯಾರಣ್ಯದಲ್ಲಲ್ಲ, ರೈತರ ಹೊಲಗಳಲ್ಲಿ. ಎರೆಬೂತವೆಂದು ಹೆಸರಿಟ್ಟವರು ಹಕ್ಕಿ ಎಲ್ಲಿರುತ್ತದೆ ಎಂಬುದನ್ನು ಹೆಸರಿನಲ್ಲೇ ಬರೆದಿಟ್ಟಿದ್ದರು.

ಮಂಜು ಸರಿಯುವ ಮೊದಲು ಆ ಹುಡುಗಿಗೆ ಇದರಲ್ಲಿ ಅರ್ಧದಷ್ಟನ್ನು ಹೇಳಿದೆ. ಅವಳು ಸುಮ್ಮನೆ ಕೇಳಿ, ಬೆಟ್ಟದ ಬುಡದ ಬಯಲಿನತ್ತ ಕೈ ತೋರಿಸಿ, ‘ಹಾಗಾದರೆ ಇದರ ಹೆಸರೇನು ಸಾರ್?’ ಎಂದಳು. ನನಗೆ ತೋಚಿದ ಒಂದೇ ಪದ ಪಹಣಿಯದು. ಅದನ್ನು ಹೇಳಲು ಬಾಯಿ ಬರಲಿಲ್ಲ. ಕುರಿ ಹೊಡೆದುಕೊಂಡು ಹೋಗುತ್ತಿದ್ದ ಹಿರಿಯರೊಬ್ಬರನ್ನು ಅವಳೇ ಕೂಗಿ ನಿಲ್ಲಿಸಿದಳು: ‘ತಾತಾ, ಇದೇನು ಹುಲ್ಲು?’ ಅವರು ಕೋಲಿನ ತುದಿಯಿಂದ ಒಂದೊಂದನ್ನೇ ಮುಟ್ಟಿ ಹೇಳಿದರು. ಇದು ಕರಡ, ಅದು ಗರಿಕೆ, ಆ ಬಂಡೆಯ ಮಗ್ಗುಲಲ್ಲಿರುವುದು ಬಾದೆ, ಮಳೆ ಬಿದ್ದ ಮೇಲೆ ಅಲ್ಲಿ ಅಂಚಿಹುಲ್ಲು ಬರುತ್ತದೆ, ಅದನ್ನು ಕುರಿ ಬಿಡುವುದಿಲ್ಲ. ಹುಡುಗಿ ನೋಟುಪುಸ್ತಕ ತೆಗೆದು ಬರೆದುಕೊಳ್ಳತೊಡಗಿದಳು. ಅಷ್ಟರಲ್ಲಿ ಬೆಳಕು ಬಂತೆಂದು ಕ್ಯಾಮೆರಾದವರು ಕರೆದರು.